ಬದುವಿನ ಎರಡು ಬದಿ: ಗಡಿ ವ್ಯಾಜ್ಯ ಮತ್ತು ಭೂಮಾಪಕರ ವೃತ್ತಿ

ಜಮೀನಿನ ಗಡಿ ವ್ಯಾಜ್ಯಗಳು ಬಹುಮಟ್ಟಿಗೆ ಹುಟ್ಟುವುದು ನೆಲದ ಮೇಲಿನ ಪಾಲು ಒಂದು ಕಡೆ, ಕಡತದೊಳಗಿನ ಪಾಲು ಇನ್ನೊಂದು ಕಡೆ ಸಾಗಿದಾಗ. ಎರಡನ್ನೂ ಒಟ್ಟಿಗೆ ನೋಡಬಲ್ಲ ಜಾಗದಲ್ಲಿ ನಿಂತವರು ಭೂಮಾಪಕರು. ಹೀಗಾಗಿ ಅವರ ವೃತ್ತಿಯಲ್ಲಿ ಅಳತೆಯಷ್ಟೇ ಮುಖ್ಯವಾದ ಇನ್ನೊಂದು ವಿದ್ಯೆ ಇದೆ: ಜಗಳ ಹುಟ್ಟದಂತೆ ಅಳೆಯುವುದು, ಹುಟ್ಟಿಬಿಟ್ಟಿದ್ದರೆ ಅದು ಯಾವ ಬಗೆಯ ಜಗಳವೆಂದು ಗುರುತಿಸಿ ಸರಿಯಾದ ಬಾಗಿಲಿಗೆ ಕಳಿಸುವುದು. ಲಂಡನ್ನಿನಲ್ಲಿ 1868ರಲ್ಲಿ ಸ್ಥಾಪನೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ತನ್ನ ಸದಸ್ಯತ್ವ ಬಯಸುವ ಪ್ರತಿಯೊಬ್ಬರಿಗೂ, ಅವರು ಯಾವ ವಿಭಾಗದವರೇ ಆಗಿರಲಿ, ಸಂಘರ್ಷ ತಪ್ಪಿಸುವ ಹಾಗೂ ವಿವಾದ ಬಗೆಹರಿಸುವ ತಿಳಿವಳಿಕೆಯನ್ನು ಕಡ್ಡಾಯ ಮಾಡಿದೆ. ಕರ್ನಾಟಕದಲ್ಲಿ ಅದೇ ತಿಳಿವಳಿಕೆ ನೋಟಿಸು, ಮಹಜರು, ಹದ್ದುಬಸ್ತು, ಪೋಡಿ ಎಂಬ ಕಚೇರಿಯ ಪದಗಳೊಳಗೆ ಅಡಗಿಕೊಂಡಿದೆ.

ವ್ಯಾಜ್ಯಗಳ ಪ್ರಮಾಣ ಸಣ್ಣದಲ್ಲ. ಬೆಂಗಳೂರಿನ ದಕ್ಷ್ ಸಂಸ್ಥೆ ಅಧೀನ ನ್ಯಾಯಾಲಯಗಳ ಕಕ್ಷಿದಾರರನ್ನು ಮಾತಾಡಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಿವಿಲ್ ದಾವೆಗಳ ಸುಮಾರು ಮೂರನೇ ಎರಡು ಭಾಗ ಭೂಮಿ ಮತ್ತು ಆಸ್ತಿಗೆ ಸಂಬಂಧಿಸಿದ್ದವು. ಇವೆಲ್ಲವೂ ಗಡಿಯ ತಕರಾರಲ್ಲ. ಪಾಲು, ಉಯಿಲು, ಕ್ರಯದ ಜಗಳಗಳೂ ಇವುಗಳಲ್ಲಿ ಸೇರಿವೆ. ಆದರೆ ಪಾಲಿನ ದಾವೆಯೂ ಕೊನೆಗೆ ‘ಎಲ್ಲಿಂದ ಎಲ್ಲಿಯವರೆಗೆ’ ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಕಂದಾಯದ ಜಮೀನಿನ ವಿಭಾಗಕ್ಕೆ ಡಿಕ್ರಿ ಆದ ಮೇಲೆ ಹೊಲವನ್ನು ಭಾಗ ಮಾಡಿಕೊಡುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ಸರ್ವೆಯವರ ಕೈಗೇ ಬರುತ್ತದೆ.

ಮೂರು ಅಡಿಯ ಬೆಲೆ

ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 16 ಆಣೆ. ಹಳೆಯ ಸರ್ವೆ ಸರಪಳಿಯ ಉದ್ದವೇ 33 ಅಡಿ, ಅದಕ್ಕೂ 16 ಆಣೆಯ ಭಾಗಗಳು. ಹೊಲದ ಒಂದು ಬದಿ ಹತ್ತು ಸರಪಳಿ, ಎಂದರೆ 330 ಅಡಿ ಇದ್ದರೆ, ಅಲ್ಲಿನ ಬದು ಬರೀ 3.3 ಅಡಿ ಸರಿದರೂ ಒಂದು ಗುಂಟೆ ಆ ಕಡೆಯಿಂದ ಈ ಕಡೆಗೆ ಬಂದ ಹಾಗೆ. ವರ್ಷಕ್ಕೆ ಎರಡು ಇಂಚಿನಂತೆ ಬೇಸಾಯ ಬದುವನ್ನು ಕೆರೆದುಕೊಂಡು ಹೋದರೆ ಇಪ್ಪತ್ತು ವರ್ಷಕ್ಕೆ ಅಷ್ಟಾಗುತ್ತದೆ. ಉಳುವವರಿಗೆ ಅದು ಗೊತ್ತಾಗಿರುವುದಿಲ್ಲ, ಪಕ್ಕದವರೂ ನೋಡಿರುವುದಿಲ್ಲ. ನೆಲಕ್ಕೆ ಬೆಲೆ ಇಲ್ಲದಿದ್ದಾಗ ಅದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಊರ ಪಕ್ಕ ಬೈಪಾಸ್ ರಸ್ತೆ ಬಂದು, ಗುಂಟೆ ಲೆಕ್ಕದಲ್ಲಿ ಮಾರಾಟ ಶುರುವಾದ ದಿನ ಇಪ್ಪತ್ತು ವರ್ಷದ ಮೌನ ಮುಗಿಯುತ್ತದೆ. ‘ಸರ್ವೆಗೆ ಹಾಕುತ್ತೇನೆ’ ಎಂಬ ಮಾತು ಆಗ ಹೊರಡುತ್ತದೆ. ನೆರೆಯವರ ಕಿವಿಗೆ ಅದು ಬೆದರಿಕೆಯಾಗಿಯೇ ಕೇಳಿಸುತ್ತದೆ.

ಈ ಜಗಳವನ್ನು ಅಳೆಯಲು ಬರುವವರು ನಂಬಬೇಕಾದ ದಾಖಲೆಗಳೂ ಒಂದೇ ಮೂಲದವಲ್ಲ. ಮುಂಬೈ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ರೂಪಿಸಿದ ಪದ್ಧತಿ ಧಾರವಾಡ, ಬೆಳಗಾವಿಯ ಕಡೆ ಹಬ್ಬಿತು. ಮೈಸೂರು ಸೀಮೆಯಲ್ಲಿ ಅದೇ ಮಾದರಿಯ ಸರ್ವೆ 1863ರಲ್ಲಿ ಶುರುವಾಯಿತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸಿನ ಪದ್ಧತಿಗೆ ಸೇರಿದ್ದವು. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಆಡಳಿತದ ದಾಖಲೆಗೆ. ಕೊಡಗಿನ ಭೂಹಿಡುವಳಿಯೇ ಬೇರೆ. ಮಂಗಳೂರಿನ ಕಡೆ ಜನ ಇಂದಿಗೂ ಗುಂಟೆ ಬಿಟ್ಟು ಸೆಂಟ್ಸ್ ಲೆಕ್ಕದಲ್ಲಿ ಮಾತಾಡುವುದು ಆ ಮದ್ರಾಸ್ ಪದ್ಧತಿಯಿಂದಲೇ: ನೂರು ಸೆಂಟ್ಸಿಗೆ ಎಕರೆ, ಎರಡೂವರೆ ಸೆಂಟ್ಸಿಗೆ ಗುಂಟೆ. 1964ರ ಭೂಕಂದಾಯ ಅಧಿನಿಯಮ ಇವೆಲ್ಲವನ್ನೂ ಒಂದೇ ಕಾನೂನಿನ ಕೆಳಗೆ ತಂದಿತು. ಹಳೆಯ ಕಡತಗಳ ಸ್ವಭಾವ ಮಾತ್ರ ಅದರಿಂದ ಬದಲಾಗಲಿಲ್ಲ.

ಒಂದು ಸರ್ವೆ ನಂಬರಿನ ಬಗ್ಗೆ ಮುಖ್ಯವಾಗಿ ಮೂರು ಕಾಗದಗಳು ಮಾತಾಡುತ್ತವೆ. ಟಿಪ್ಪಣಿ ಹೊಲದ ಆಕಾರವನ್ನು, ಅಂದರೆ ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು ಸರಪಳಿ, ಎಷ್ಟು ಆಣೆ ಎಂಬುದನ್ನು ಹೇಳುತ್ತದೆ. ಆಕಾರಬಂದ್ ವಿಸ್ತೀರ್ಣವನ್ನು, ಅದರಲ್ಲಿ ಖರಾಬು ಎಷ್ಟು, ಸಾಗುವಳಿಗೆ ಎಷ್ಟು, ಕಂದಾಯ ಎಷ್ಟು ಎಂಬುದನ್ನು ಹೇಳುತ್ತದೆ. ಪಹಣಿ ಹೇಳುವುದು ಹೆಸರನ್ನು. ಭೂಮಿ ಯೋಜನೆ 2000ದ ಸುಮಾರಿಗೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ನಕ್ಷೆಗಳು ಆ ವೇಗದಲ್ಲಿ ಏರಲಿಲ್ಲ. ಹೆಸರು ಕಚೇರಿಯಲ್ಲಿ ಕೂತಲ್ಲೇ ಬದಲಾಗಬಲ್ಲದು, ಗೆರೆ ಬದಲಾಗಬೇಕಾದರೆ ಯಾರಾದರೂ ಹೊಲಕ್ಕೆ ಹೋಗಬೇಕು.

ಮೂವರು ಅಣ್ಣತಮ್ಮಂದಿರ ಲೆಕ್ಕ

ನಾಲ್ಕು ಎಕರೆಯ ಒಂದು ಸರ್ವೆ ನಂಬರ್ ಇದೆ ಎಂದಿಟ್ಟುಕೊಳ್ಳೋಣ. ಅದರ ಅಂಚಿನಲ್ಲಿ ಬಂಡಿ ದಾರಿ, ಹಳ್ಳ ಸೇರಿ 6 ಗುಂಟೆ ‘ಬ’ ಖರಾಬು, ಅಂದರೆ ಸಾರ್ವಜನಿಕರ ಉಪಯೋಗದ್ದು. ಉಳಿದದ್ದು 3 ಎಕರೆ 34 ಗುಂಟೆ. ತಂದೆ ತೀರಿಕೊಂಡ ಮೇಲೆ ಮೂವರು ಮಕ್ಕಳು ಪಾಲುಪಟ್ಟಿ ಮಾಡಿಕೊಂಡರು. ಪಹಣಿಯಲ್ಲಿ ಒಬ್ಬೊಬ್ಬರಿಗೆ 1 ಎಕರೆ 11 ಗುಂಟೆ 5 ಆಣೆ ಕೂತಿತು. ನೆಲದ ಮೇಲೆ ಯಾರೂ ಆಣೆ ಲೆಕ್ಕ ಹಿಡಿಯಲಿಲ್ಲ. ಹಿರಿಯವನಿಗೆ ಬಾವಿಯ ಕಡೆ, ನಡುವಿನವನಿಗೆ ಹುಣಸೆ ಮರದವರೆಗೆ, ಕಿರಿಯವನಿಗೆ ದಾರಿಯ ಕಡೆ ಎಂದು ಹಂಚಿಕೊಂಡು ಬದು ಹಾಕಿದರು. ಬಾವಿ ಸಿಕ್ಕವನಿಗೆ ನೆಲ ಸ್ವಲ್ಪ ಕಡಿಮೆ, ನಡುವಿನವನಿಗೆ ನಾಲ್ಕು ಗುಂಟೆ ಹೆಚ್ಚು. ಅದು ಅನ್ಯಾಯವೇನಲ್ಲ, ನೀರು, ಮಣ್ಣು, ದಾರಿ ತೂಗಿ ನೋಡಿ ಮಾಡಿಕೊಂಡ ಒಪ್ಪಂದ. ಆದರೆ ಆ ತೂಕ ಯಾವ ಕಾಗದದ ಮೇಲೂ ಬರಲಿಲ್ಲ. ಮೂರು ಹೆಸರು, ಒಂದೇ ಸರ್ವೆ ನಂಬರ್, ಒಂದೇ ಹಳೆಯ ಟಿಪ್ಪಣಿ. ಮೂವತ್ತು ವರ್ಷದ ಮೇಲೆ ಹಿರಿಯವನ ಮಗ ತನ್ನ ಪಾಲನ್ನು ಪಟ್ಟಣದವರಿಗೆ ಮಾರಿದಾಗ, ಕೊಂಡವರು ಪಹಣಿಯಲ್ಲಿ ಇರುವಷ್ಟನ್ನೂ ಕೇಳುತ್ತಾರೆ. ಬಾವಿಯ ಕಥೆ ಅವರಿಗೆ ಗೊತ್ತಿಲ್ಲ, ಗೊತ್ತಾದರೂ ಅವರನ್ನು ಅದು ಕಟ್ಟಿಹಾಕುವುದಿಲ್ಲ.

ಈ ಬಗೆಯ ಬಹುಮಾಲೀಕತ್ವದ ಪಹಣಿಗಳೇ ರಾಜ್ಯದ ಗಡಿ ಜಗಳಗಳ ದೊಡ್ಡ ಬೀಜರಾಶಿ. ಅದನ್ನು ಒಡೆಯುವ ಕ್ರಮಕ್ಕೆ ಪೋಡಿ ಎನ್ನುತ್ತಾರೆ: ನೆಲ ಅಳೆದು, ಪ್ರತಿ ಪಾಲಿಗೂ ಹಿಸ್ಸಾ ನಂಬರ್ ಕೊಟ್ಟು, ಪ್ರತ್ಯೇಕ ಟಿಪ್ಪಣಿ ಮಾಡಿ, ಆಕಾರಬಂದ್ ಮತ್ತು ಪಹಣಿಯನ್ನು ತಾಳೆ ಮಾಡುವುದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ ನೋಂದಣಿಗೆ ಮೊದಲೇ ಕೇಳುವ 11ಇ ನಕ್ಷೆಯೂ ಇದೇ ಕಾರಣಕ್ಕೆ ಬಂದದ್ದು. ಮಾರುತ್ತಿರುವುದು ಎಷ್ಟು ಎಂಬುದರ ಜೊತೆಗೆ ಯಾವುದು ಎಂಬುದನ್ನೂ ಗೆರೆ ಎಳೆದು ತೋರಿಸಲಿ ಎಂದು. ಈ ನಕ್ಷೆಗೆ ಕಾಯಬೇಕಾದ ದಿನಗಳ ಬಗ್ಗೆ ರೈತರು ಗೊಣಗುವುದರಲ್ಲಿ ಅರ್ಥವಿದೆ. ಆದರೂ ಕರ್ನಾಟಕದ ಭೂದಾಖಲೆ ವ್ಯವಸ್ಥೆಯಲ್ಲಿ ವ್ಯಾಜ್ಯವನ್ನು ಹುಟ್ಟುವ ಮೊದಲೇ ತಡೆಯುವ ಸಾಧನ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಸರ್ಕಾರದಿಂದ ಮಂಜೂರಾದ ಜಮೀನುಗಳ ಕಥೆ ಇನ್ನೂ ಬಿಗಿ. ಒಂದೇ ಗೋಮಾಳದ ನಂಬರಿನಲ್ಲಿ ಹತ್ತಾರು ಜನರಿಗೆ ಎರಡೆರಡು ಎಕರೆ ಮಂಜೂರಾಗಿರುತ್ತದೆ. ಮೂಲ ಮಂಜೂರಾತಿ ಕಡತ ಸಿಗುವುದಿಲ್ಲ. ಸಿಕ್ಕರೂ ಮಂಜೂರಾದ ಒಟ್ಟು ವಿಸ್ತೀರ್ಣ ಆ ನಂಬರಿನಲ್ಲಿ ಇರುವ ನೆಲಕ್ಕಿಂತ ಹೆಚ್ಚು. ಅಂಥಲ್ಲಿ ಎಷ್ಟೇ ನಿಖರವಾಗಿ ಅಳೆದರೂ ಯಾರಿಗೋ ನೆಲ ಕಡಿಮೆಯಾಗಲೇಬೇಕು. ಅದು ಭೂಮಾಪಕರು ಬಗೆಹರಿಸಬಲ್ಲ ಪ್ರಶ್ನೆಯಲ್ಲ ಎಂದು ಮೊದಲ ದಿನವೇ ಬರೆದುಕೊಡುವುದು ಪ್ರಾಮಾಣಿಕತನ.

ಯಂತ್ರ ಹೊಸದು, ಗೆರೆ ಹಳೆಯದು

ಹಳೆಯ ಅಳತೆಗೂ ಹೊಸ ಅಳತೆಗೂ ವ್ಯತ್ಯಾಸ ಬಂದೇ ಬರುತ್ತದೆ. ಕಬ್ಬಿಣದ ಸರಪಳಿ ಎಳೆದೆಳೆದು ಸವೆದು ಉದ್ದವಾಗುತ್ತದೆ. ಮೂವತ್ತಮೂರು ಅಡಿಯ ಸರಪಳಿ ಎರಡು ಇಂಚು ಹಿಗ್ಗಿದ್ದರೂ, ನಾಲ್ಕು ಎಕರೆ ಎಂದು ದಾಖಲಾದ ಹೊಲ ನಿಜದಲ್ಲಿ ಸುಮಾರು ಒಂದೂವರೆ ಗುಂಟೆ ಹೆಚ್ಚಿರುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೆ ತಾಗಿಸಿ ಎಳೆದಿದ್ದರೆ ಇನ್ನೊಂದು ತೊಡಕು: ಹತ್ತು ಡಿಗ್ರಿ ಇಳಿಜಾರಿನ ನೂರು ಅಡಿ ಸಮತಲದ ಲೆಕ್ಕದಲ್ಲಿ 98.5 ಅಡಿ ಮಾತ್ರ. ಈಗಿನ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಸಮತಲದ ದೂರವನ್ನೇ ಲೆಕ್ಕ ಹಾಕಿ ಕೊಡುವುದರಿಂದ ಅಡಿಕೆ ತೋಟದ ಮಾಲೀಕರಿಗೆ ತಮ್ಮ ನೆಲ ಕುಗ್ಗಿದಂತೆ ಕಾಣುತ್ತದೆ. ನೆಲ ಕುಗ್ಗಿಲ್ಲ, ಲೆಕ್ಕದ ರೀತಿ ಬದಲಾಗಿದೆ. ಇದನ್ನು ಸ್ಥಳದಲ್ಲೇ ಬಿಡಿಸಿ ಹೇಳದ ಭೂಮಾಪಕರು ಒಂದು ವ್ಯಾಜ್ಯವನ್ನು ತಾವೇ ಬಿತ್ತಿ ಹೋಗುತ್ತಾರೆ.

ರೋವರ್ ಎಂಬ ಉಪಗ್ರಹ ಸಾಧನ ಕೆಲವೇ ಸೆಂಟಿಮೀಟರಿನ ನಿಖರತೆ ಕೊಡುತ್ತದೆ. ಆದರೆ ನೂರು ವರ್ಷದ ಹಿಂದೆ ಬಾಂದು ಕಲ್ಲು ನೆಟ್ಟವರು ಅಕ್ಷಾಂಶ, ರೇಖಾಂಶ ಬರೆದಿಡಲಿಲ್ಲ. ಯಂತ್ರ ತಾನು ನಿಂತ ಜಾಗವನ್ನು ಕರಾರುವಾಕ್ಕಾಗಿ ಹೇಳುತ್ತದೆ. ಅದೇ ಗಡಿಯೇ ಎಂಬುದನ್ನು ಟಿಪ್ಪಣಿ, ಉಳಿದಿರುವ ಕಲ್ಲುಗಳು ಮತ್ತು ಭೂಮಾಪಕರ ವಿವೇಚನೆ ಸೇರಿ ತೀರ್ಮಾನಿಸಬೇಕು. ಮೊಬೈಲಿನ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಚೆನ್ನಾಗಿದೆ. ಅದರ ಪರದೆಯ ಮೇಲಿನ ಗೆರೆ ನೋಡಿ ಬೇಲಿ ಕಿತ್ತವರು ಜಗಳಕ್ಕೆ ತಾವೇ ಆಹ್ವಾನ ಕೊಟ್ಟಂತೆ, ಏಕೆಂದರೆ ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪಬಹುದು.

ಅಳೆಯುವ ಮೊದಲು

ಒಳ್ಳೆಯ ಭೂಮಾಪಕರ ಕೆಲಸದ ಅರ್ಧ ಭಾಗ ಹೊಲಕ್ಕೆ ಕಾಲಿಡುವ ಮುಂಚೆಯೇ ಮುಗಿದಿರುತ್ತದೆ. ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಆಕಾರಬಂದ್, ಗ್ರಾಮ ನಕ್ಷೆ, ಪಹಣಿ, ಮ್ಯುಟೇಶನ್ ಎಲ್ಲವನ್ನೂ ಎದುರಿಗಿಟ್ಟು ವಿಸ್ತೀರ್ಣ ತಾಳೆಯಾಗುತ್ತದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಪಹಣಿಗಳ ಮೊತ್ತ ಆಕಾರಬಂದಿಗಿಂತ ಹೆಚ್ಚಿದ್ದರೆ ಅದು ಅಳತೆಯ ಸಮಸ್ಯೆಯಲ್ಲ, ದಾಖಲೆಯ ಸಮಸ್ಯೆ. ಹೊಲಕ್ಕೆ ಹೋಗಿ ಪ್ರಯೋಜನವಿಲ್ಲ, ಮೊದಲು ತಿದ್ದುಪಡಿಯಾಗಬೇಕು. ಎರಡನೆಯದು ನೋಟಿಸು. ಅರ್ಜಿದಾರರಿಗಷ್ಟೇ ಅಲ್ಲ, ಸುತ್ತಲಿನ ಎಲ್ಲ ಹಿಡುವಳಿದಾರರಿಗೂ ದಿನಾಂಕ ತಿಳಿಸಬೇಕು. ನೋಟಿಸು ಮುಟ್ಟದ ಪಕ್ಕದವರು ಆಮೇಲೆ ಮೇಲ್ಮನವಿಯಲ್ಲಿ ಎತ್ತುವ ಮೊದಲ ಮಾತೇ ಅದು, ಮತ್ತು ಅಳತೆ ಎಷ್ಟೇ ಸರಿಯಿದ್ದರೂ ಆ ಒಂದು ಮಾತಿಗೆ ಇಡೀ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ, ಬಿದ್ದುಹೋಗಬಹುದು. ಬೆಳೆ ನಿಂತಿರುವಾಗ ಅಳೆಯಲು ಹೊರಡುವುದೂ ಬುದ್ಧಿವಂತಿಕೆಯಲ್ಲ. ತುಳಿದ ಜೋಳದ ಸಾಲು ಗಡಿಗಿಂತ ದೊಡ್ಡ ಜಗಳವಾಗುತ್ತದೆ. ಸುಗ್ಗಿ ಮುಗಿದ ಮೇಲಿನ ತಿಂಗಳುಗಳು ಎಲ್ಲ ರೀತಿಯಲ್ಲೂ ವಾಸಿ.

ಮೂರನೆಯದನ್ನು ಯಾವ ಕೈಪಿಡಿಯೂ ಬಿಡಿಸಿ ಹೇಳುವುದಿಲ್ಲ, ಊರಿನವರು ಮಾತ್ರ ಚೆನ್ನಾಗಿ ಬಲ್ಲರು: ಸರ್ವೆಯವರು ಯಾರ ಗಾಡಿಯಲ್ಲಿ ಬಂದರು, ಯಾರ ಮನೆಯಲ್ಲಿ ಊಟ ಮಾಡಿದರು. ಅರ್ಜಿದಾರರ ಬೈಕಿನಲ್ಲಿ ಬಂದು ಅವರ ಮನೆಯ ಜಗಲಿಯಲ್ಲಿ ಎಲೆ ಹಾಕಿಸಿಕೊಂಡ ಭೂಮಾಪಕರ ಟೇಪನ್ನು ಪಕ್ಕದವರು ನಂಬುವುದಿಲ್ಲ, ಟೇಪಿನಲ್ಲಿ ಏನೂ ತಪ್ಪಿಲ್ಲದಿದ್ದರೂ. ಕಕ್ಷಿಗಳಲ್ಲಿ ಯಾರಾದರೂ ನೆಂಟರಾಗಿದ್ದರೆ, ಹಿಂದೆ ಅವರಿಗೇ ಖಾಸಗಿ ನಕ್ಷೆ ಮಾಡಿಕೊಟ್ಟಿದ್ದರೆ, ಅದನ್ನು ಮೊದಲೇ ತಿಳಿಸಿ ಕೆಲಸವನ್ನು ಬೇರೆಯವರಿಗೆ ಬಿಡುವುದು ವೃತ್ತಿಧರ್ಮ. ಸರ್ಕಾರಿ ಭೂಮಾಪಕರ ಜೊತೆಗೆ ಶುಲ್ಕ ಪಡೆದು ಕೆಲಸ ಮಾಡುವ ಪರವಾನಗಿ ಭೂಮಾಪಕರೂ ಇರುವ ಕರ್ನಾಟಕದಲ್ಲಿ ಈ ನಿಯಮಕ್ಕೆ ಇನ್ನೂ ಹೆಚ್ಚಿನ ತೂಕವಿದೆ.

ಸ್ಥಳದಲ್ಲಿ ಅಳತೆ ಶುರುವಾಗಬೇಕಾದದ್ದು ಜಗಳದ ಬದುವಿನಿಂದಲ್ಲ, ಯಾರೂ ತಕರಾರು ಮಾಡದ ಕಲ್ಲುಗಳಿಂದ. ಎರಡು ಮೂರು ಹೊಲ ಆಚೆ ಇರುವ ಬಾಂದು ಕಲ್ಲು, ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು ಇಂಥವನ್ನು ಹಿಡಿದು, ಅವುಗಳ ನಡುವಿನ ದೂರ ಟಿಪ್ಪಣಿಗೆ ಹೊಂದುತ್ತದೆಯೇ ಎಂದು ಎರಡೂ ಕಡೆಯವರ ಎದುರಿಗೇ ನೋಡಿ, ಅಲ್ಲಿಂದ ಒಳಗೆ ಬರಬೇಕು. ಟೇಪಿನ ಒಂದು ತುದಿ ಅರ್ಜಿದಾರರ ಕೈಯಲ್ಲಿ, ಇನ್ನೊಂದು ತುದಿ ಪಕ್ಕದವರ ಕೈಯಲ್ಲಿ ಇದ್ದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಸರಪಳಿ, ಆಣೆ, ಮೀಟರುಗಳನ್ನು ಅಡಿ ಮತ್ತು ಗುಂಟೆಗೆ ಇಳಿಸಿ ಗಟ್ಟಿಯಾಗಿ ಓದಬೇಕು. ನಕ್ಷೆಯಲ್ಲಿ ಎರಡು ಗೆರೆಗಳಿರಬೇಕು: ದಾಖಲೆಯಂತೆ ಗಡಿ ಎಲ್ಲಿ, ಅನುಭವದಲ್ಲಿರುವ ಬದು ಎಲ್ಲಿ. ಎರಡರ ನಡುವಿನ ಪಟ್ಟಿಗೆ ‘ಒತ್ತುವರಿ’ ಎಂದು ಹೆಸರಿಡುವ ಅವಸರವನ್ನು ಎಚ್ಚರದ ಭೂಮಾಪಕರು ಮಾಡುವುದಿಲ್ಲ. ‘ಇಂಥವರ ಅನುಭವದಲ್ಲಿದೆ’ ಎಂದಷ್ಟೇ ಬರೆಯುತ್ತಾರೆ. ಮಹಜರಿಗೆ ಹಾಜರಿದ್ದವರೆಲ್ಲರ ಸಹಿ. ಯಾರಾದರೂ ಒಲ್ಲೆನೆಂದರೆ, ಒಲ್ಲೆನೆಂದರು ಎಂಬುದನ್ನೂ ಅವರು ಕೊಟ್ಟ ಕಾರಣವನ್ನೂ ಬರೆದುಕೊಳ್ಳಬೇಕು. ಮಾತು ಕೈಗೆ ಹೋಗುವ ಸೂಚನೆ ಕಂಡರೆ ಅಳತೆ ನಿಲ್ಲಿಸಿ, ಪೊಲೀಸ್ ಬಂದೋಬಸ್ತಿನೊಂದಿಗೆ ಬೇರೆ ದಿನ ಬರುವುದರಲ್ಲಿ ಅವಮಾನವೇನಿಲ್ಲ.

ಗೆರೆ ಮತ್ತು ಹಕ್ಕು

ಹದ್ದುಬಸ್ತಿನ ಬಗ್ಗೆ ಜನರಲ್ಲಿ ಬೇರೂರಿರುವ ತಪ್ಪು ಕಲ್ಪನೆಯೆಂದರೆ, ಸರ್ವೆಯವರು ಕಲ್ಲು ನೆಟ್ಟ ಕೂಡಲೇ ಆ ಜಾಗ ತಮ್ಮ ಕೈಗೆ ಬಂತು ಎಂಬುದು. ಭೂಮಾಪಕರು ದಾಖಲೆಯ ಗಡಿಯನ್ನು ನೆಲದ ಮೇಲೆ ತೋರಿಸುತ್ತಾರೆ. ಸ್ವಾಧೀನ ಬಿಡಿಸಿಕೊಡುವ ಅಧಿಕಾರ ಅವರಿಗಿಲ್ಲ, ಒಡೆತನ ತೀರ್ಮಾನಿಸುವ ಅಧಿಕಾರ ಮೊದಲೇ ಇಲ್ಲ. ಗೆರೆಯ ಆಚೆ ಉಳುತ್ತಿರುವವರು ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಾಲ ಬಹಿರಂಗವಾಗಿ, ನಿರಂತರವಾಗಿ, ಮಾಲೀಕರ ಹಕ್ಕನ್ನು ಧಿಕ್ಕರಿಸಿ ಅನುಭವಿಸಿದ್ದೇವೆ ಎಂದು ವಾದಿಸಬಹುದು. ಸರ್ಕಾರಿ ಜಮೀನಾದರೆ ಆ ಅವಧಿ ಮೂವತ್ತು ವರ್ಷ. ಆ ವಾದ ನಿಲ್ಲುತ್ತದೋ ಇಲ್ಲವೋ ಹೇಳಬೇಕಾದದ್ದು ಸಿವಿಲ್ ನ್ಯಾಯಾಲಯ. ಹಾಗೆಯೇ ಕ್ರಯಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿಯ ವಿವರ) ಹೊಂದಾಣಿಕೆಯಾಗದಿದ್ದರೆ, ಚಕ್ಕುಬಂದಿ ಸ್ಪಷ್ಟವಾಗಿದ್ದಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತವೆ. ‘ಕ್ರಯಪತ್ರದಲ್ಲಿ ಇಪ್ಪತ್ತು ಗುಂಟೆ ಬರೆದಿದೆ, ಅಳೆದರೆ ಹದಿನೆಂಟೇ ಇದೆ, ಉಳಿದ ಎರಡನ್ನು ಪಕ್ಕದಿಂದ ಕೊಡಿಸಿ’ ಎಂಬ ಬೇಡಿಕೆಗೆ ಭೂಮಾಪಕರ ಬಳಿ ಉತ್ತರವಿಲ್ಲ, ಇರಬಾರದು ಕೂಡ.

ಎಲ್ಲ ದೇಶಗಳಲ್ಲೂ ಭೂಮಾಪಕರ ಕೈ ಇಷ್ಟು ಕಟ್ಟಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಎರಡು ಮನೆಗಳ ನಡುವಿನ ಜಂಟಿ ಗೋಡೆಯ ಕೆಲಸಕ್ಕೆ 1996ರ ಪಾರ್ಟಿ ವಾಲ್ ಕಾಯ್ದೆ ಇದೆ. ಗೋಡೆ ಮುಟ್ಟುವವರು ಮೊದಲು ನೆರೆಯವರಿಗೆ ನೋಟಿಸು ಕೊಡಬೇಕು. ನೆರೆಯವರು ಒಪ್ಪದಿದ್ದರೆ ಇಬ್ಬರೂ ಸೇರಿ ಒಬ್ಬ ಸರ್ವೇಯರನ್ನು, ಇಲ್ಲವೇ ತಲಾ ಒಬ್ಬರನ್ನು ನೇಮಿಸುತ್ತಾರೆ. ಆ ಇಬ್ಬರು ಕೆಲಸ ಶುರುಮಾಡುವ ಮೊದಲೇ ಮೂರನೆಯವರನ್ನು ಆರಿಸಿಕೊಂಡಿರಬೇಕು. ಅವರು ಬರೆಯುವ ತೀರ್ಪೇ ಕೆಲಸದ ರೀತಿ, ಸಮಯ, ಹಾನಿಯ ಹೊಣೆ ಎಲ್ಲವನ್ನೂ ನಿರ್ಧರಿಸುತ್ತದೆ. ಒಪ್ಪದವರು ಹದಿನಾಲ್ಕು ದಿನದೊಳಗೆ ಕೌಂಟಿ ಕೋರ್ಟಿಗೆ ಹೋಗಬೇಕು. ಈ ವ್ಯವಸ್ಥೆಯಲ್ಲಿ ತಮ್ಮನ್ನು ನೇಮಿಸಿದವರ ಪರ ವಾದಿಸುವುದು ಸರ್ವೇಯರ ಕೆಲಸವಲ್ಲ, ಕಾಯ್ದೆಯಂತೆ ನಡೆದುಕೊಳ್ಳುವುದು ಅವರ ಕೆಲಸ. ಆದರೆ ಆ ವ್ಯವಸ್ಥೆಯೂ ಗೋಡೆಯ ಕೆಲಸಕ್ಕೆ ಸೀಮಿತ; ಗಡಿ ಎಲ್ಲಿದೆ ಎಂಬ ಒಡೆತನದ ಪ್ರಶ್ನೆಯನ್ನು ಅದೂ ನ್ಯಾಯಾಲಯಕ್ಕೇ ಬಿಟ್ಟಿದೆ.

ಯಾವ ಬಾಗಿಲು

ಕರ್ನಾಟಕದಲ್ಲಿ ಜಗಳದ ಬಗೆಗೆ ತಕ್ಕಂತೆ ಬಾಗಿಲು ಬೇರೆ. ಅಳತೆಯೇ ತಪ್ಪು ಎಂದಾದರೆ ಸರ್ವೆ ಇಲಾಖೆಯೊಳಗೇ ಮೇಲಕ್ಕೆ ಹೋಗಬೇಕು: ಭೂದಾಖಲೆಗಳ ಸಹಾಯಕ ನಿರ್ದೇಶಕರು, ಅವರ ಮೇಲೆ ಉಪನಿರ್ದೇಶಕರು. ಪಹಣಿಯ ನಮೂದು ತಪ್ಪೆಂದಾದರೆ ಕಂದಾಯ ಇಲಾಖೆಯ ಕಡೆ: ಭೂಕಂದಾಯ ಅಧಿನಿಯಮದ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಆಮೇಲೆ ಜಿಲ್ಲಾಧಿಕಾರಿ. ಪಹಣಿಯ ನಮೂದನ್ನು, ಸುಳ್ಳೆಂದು ಸಾಬೀತಾಗುವ ತನಕ, ನಿಜವೆಂದೇ ಭಾವಿಸಬೇಕೆಂದು 133ನೇ ಕಲಮು ಹೇಳುತ್ತದೆ. ಅದರರ್ಥ ಪಹಣಿಯೇ ಒಡೆತನದ ಪತ್ರ ಎಂದಲ್ಲ. ದಾರಿಯ ಜಗಳಗಳು ಮತ್ತೊಂದು ಜಾತಿ. ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ ಗುರುತಾಗಿದ್ದರೆ ಅದನ್ನು ತೆರವು ಮಾಡಿಸುವುದು ಕಂದಾಯ ಅಧಿಕಾರಿಗಳ ಹೊಣೆ. ನಕ್ಷೆಯಲ್ಲಿಲ್ಲದ, ರೂಢಿಯಿಂದ ಬಂದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಂತೆ ಇಪ್ಪತ್ತು ವರ್ಷದ ಅಡೆತಡೆಯಿಲ್ಲದ ಬಳಕೆಯನ್ನು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಒಂದು ಬಗೆಯ ತಕರಾರನ್ನು ಇನ್ನೊಂದು ಬಾಗಿಲಿಗೆ ಕೊಂಡೊಯ್ದು ವರ್ಷಗಟ್ಟಲೆ ಅಲೆದವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಸಿವಿಲ್ ಕೋರ್ಟಿಗೆ ಹೋಗುವವರು ಹೆಚ್ಚಾಗಿ ಬರೀ ಶಾಶ್ವತ ನಿರ್ಬಂಧಕಾಜ್ಞೆ ಕೇಳುತ್ತಾರೆ, ಏಕೆಂದರೆ ಅದು ಸುಲಭವೆಂದು ಕಾಣುತ್ತದೆ. ಒಡೆತನದ ಮೇಲೆ ಗಂಭೀರ ಅನುಮಾನವಿರುವಾಗ ಅಷ್ಟು ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಅನಾಥುಲ ಸುಧಾಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಡಿ ಎಲ್ಲಿದೆ ಎಂಬುದೇ ಪ್ರಶ್ನೆಯಾದಾಗ ನ್ಯಾಯಾಲಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಕಮಿಷನರನ್ನು ನೇಮಿಸಿ ಸ್ಥಳ ತನಿಖೆ ಮಾಡಿಸಬಹುದು; ಸರ್ವೆ ಇಲಾಖೆಯವರೇ ಎಷ್ಟೋ ಸಲ ಆ ಕಮಿಷನರ್ ಆಗಿರುತ್ತಾರೆ. ಅವರ ವರದಿ ಸಾಕ್ಷ್ಯವಾಗುತ್ತದೆ, ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವ ಅವಕಾಶವೂ ಇದೆ. ‘ಯಾವ ಕಲ್ಲಿನಿಂದ ಶುರುಮಾಡಿದಿರಿ, ಆ ಕಲ್ಲು ಮೂಲದ್ದೆಂದು ಹೇಗೆ ಗೊತ್ತು, ಪ್ರತಿವಾದಿಗೆ ನೋಟಿಸು ಕೊಟ್ಟಿರಾ’ ಎಂಬ ಪಾಟಿ ಸವಾಲಿನ ಮುಂದೆ ನಿಲ್ಲುವುದು ಹೊಲದಲ್ಲಿ ಆ ದಿನ ಬರೆದುಕೊಂಡ ಪುಸ್ತಕ ಮಾತ್ರ.

ತೀರ್ಪಿಗಿಂತ ಮೊದಲು ರಾಜಿಯ ದಾರಿ ತೆರೆದಿರುತ್ತದೆ. ಸಂಹಿತೆಯ 89ನೇ ಕಲಮು ನ್ಯಾಯಾಲಯದ ಹೊರಗೆ ಬಗೆಹರಿಯಬಲ್ಲ ದಾವೆಗಳನ್ನು ಮಧ್ಯಸ್ಥಿಕೆ, ಲೋಕ ಅದಾಲತ್ ಮುಂತಾದ ಕಡೆ ಕಳಿಸಲು ಅವಕಾಶ ಕೊಡುತ್ತದೆ. ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಇಂಥ ದಾವೆಗಳು ಬರುತ್ತವೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸು ಸಿಗುತ್ತದೆ. ಗಡಿ ಜಗಳಕ್ಕೆ ಈ ದಾರಿ ವಿಶೇಷವಾಗಿ ಹೊಂದುವುದಕ್ಕೆ ಒಂದು ಕಾರಣವಿದೆ. ನ್ಯಾಯಾಲಯ ದಾಖಲೆಯ ಗೆರೆ ಅಥವಾ ಅನುಭವದ ಗೆರೆ, ಎರಡರಲ್ಲಿ ಒಂದನ್ನು ಆರಿಸಬೇಕು. ಮಾತುಕತೆಯಲ್ಲಿ ಮೂರನೆಯ ಗೆರೆಯೂ ಸಾಧ್ಯ.

ಆ ಮೂರನೆಯ ಗೆರೆ ಎಳೆಯಬಲ್ಲವರು ಭೂಮಾಪಕರೇ. ಎರಡೂ ಕಡೆಯವರು ಒಪ್ಪಿ ಜಂಟಿ ಅಳತೆ ಮಾಡಿಸಿದರೆ, ಮೊದಲ ಲಾಭವೆಂದರೆ ವಾದಕ್ಕೆ ಒಂದೇ ನಕ್ಷೆ ಇರುತ್ತದೆ. ಆಮೇಲೆ ನಕ್ಷೆಯ ಮೇಲೆ ಆಟ ಆಡಬಹುದು. ಸೊಟ್ಟ ಬದುವಿನಲ್ಲಿ ಇಲ್ಲಿ ಒಂದು ಗುಂಟೆ ಕೊಟ್ಟು ಅಲ್ಲಿ ಒಂದು ಗುಂಟೆ ತೆಗೆದುಕೊಂಡು, ವಿಸ್ತೀರ್ಣ ಕೆಡದಂತೆ ನೇರ ಗೆರೆ ಎಳೆಯಬಹುದು. ಇಬ್ಬರಿಗೂ ಉಳುಮೆ ಸಲೀಸು. ಮನೆಯ ಮೂಲೆಯೊಂದು ಗೆರೆ ದಾಟಿದ್ದರೆ ಅಷ್ಟು ಜಾಗಕ್ಕೆ ಹಿತ್ತಲಿನಲ್ಲಿ ಅಷ್ಟೇ ಜಾಗ ಬಿಡಬಹುದು. ಬದುವಿನ ಎರಡೂ ಬದಿ ಒಂದಷ್ಟು ಅಡಿ ಬಿಟ್ಟು ಇಬ್ಬರಿಗೂ ಟ್ರ್ಯಾಕ್ಟರ್ ದಾರಿ ಮಾಡಿಕೊಳ್ಳಬಹುದು. ಗಡಿಯ ಹೆಸರಿನ ಜಗಳ ಎಷ್ಟೋ ಸಲ ಒಳಗಿಂದ ದಾರಿಯ ಜಗಳವೇ ಆಗಿರುತ್ತದೆ. ಮೇಲಿನ ಮೂವರು ಅಣ್ಣತಮ್ಮಂದಿರ ಹೊಲದಲ್ಲೂ ಬಾವಿಯ ನೀರಿನ ಪಾಳಿ ಒಪ್ಪಂದಕ್ಕೆ ಬಂದರೆ ನಾಲ್ಕು ಗುಂಟೆಯ ಲೆಕ್ಕ ತಾನಾಗಿ ಸಡಿಲವಾಗುತ್ತದೆ. ಹೀಗೆ ಮಾಡಿದರೆ ಯಾರ ವಿಸ್ತೀರ್ಣ ಎಷ್ಟಾಗುತ್ತದೆ ಎಂದು ಪ್ರತಿ ಆಯ್ಕೆಗೂ ಅಂಕಿ ಹಾಕಿ ತೋರಿಸುವುದರವರೆಗೆ ಭೂಮಾಪಕರ ಪಾತ್ರ. ಯಾವುದನ್ನು ಒಪ್ಪಬೇಕೆಂದು ಅವರು ಒತ್ತಾಯಿಸಿದ ಕ್ಷಣ ಮಧ್ಯಸ್ಥಿಕೆ ಕೆಡುತ್ತದೆ.

ರಾಜಿ ಆದ ಮೇಲೆ ಕಾಗದದ ಕೆಲಸ ಉಳಿದಿರುತ್ತದೆ, ಜನ ಎಡವುವುದು ಇಲ್ಲೇ. ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಜಾಗ ಅದಲುಬದಲು ಮಾಡಿಕೊಂಡರೆ ಅದು ಕಾನೂನಿನ ಕಣ್ಣಿಗೆ ಕಾಣುವುದಿಲ್ಲ. ಜಮೀನಿನ ವಿನಿಮಯಕ್ಕೆ ನೋಂದಾಯಿತ ಪತ್ರ ಬೇಕು. ದಾವೆಯಲ್ಲಿದ್ದ ಜಮೀನಿನ ಬಗ್ಗೆ ನ್ಯಾಯಾಲಯದಲ್ಲೇ ಪ್ರಾಮಾಣಿಕ ರಾಜಿ ಡಿಕ್ರಿ ಆಗಿದ್ದರೆ ಸಾಮಾನ್ಯವಾಗಿ ನೋಂದಣಿಯಿಂದ ವಿನಾಯಿತಿ ಇದೆ. ಎರಡರಲ್ಲಿ ಯಾವುದಾದರೂ, ಅದರ ಪ್ರತಿಯೊಂದಿಗೆ ಪೋಡಿಗೆ ಅರ್ಜಿ ಹಾಕಿ ಹೊಸ ಗೆರೆಯನ್ನು ಸರ್ವೆ ದಾಖಲೆಗೆ ಏರಿಸಬೇಕು. ಹೊಸ ಕಲ್ಲುಗಳನ್ನು ಎರಡೂ ಕಡೆಯವರ ಎದುರಿಗೇ ನೆಡಿಸಬೇಕು. ಅಧಿಕೃತವಾಗಿ ನೆಟ್ಟ ಗಡಿ ಕಲ್ಲನ್ನು ಕೀಳುವುದು ಅಥವಾ ಸರಿಸುವುದು ಒಂದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧ. ಪಹಣಿಯಲ್ಲಿ ಹಿಸ್ಸಾ ನಂಬರ್ ಬಂದ ಮೇಲೆ ಹೊಸ ಟಿಪ್ಪಣಿಯ ದೃಢೀಕೃತ ನಕಲನ್ನು ಇಬ್ಬರೂ ತಲಾ ಒಂದೊಂದು ಪಡೆದಿಟ್ಟುಕೊಳ್ಳಬೇಕು. ಮುಂದೆಂದಾದರೂ ಹದ್ದುಬಸ್ತು ನಡೆದರೆ ಅದು ನಡೆಯುವುದು ಆ ಟಿಪ್ಪಣಿಯ ಮೇಲೆ.